ನಮ್ಮ ನುಡಿ, ಅವರ ಒಗಟು

ಮದಕರಿಪುರದ ಹುಡುಗನೊಬ್ಬ, ದುರ್ಗದ ಕಾಲೇಜಿನಲ್ಲಿ ಓದುವವನು, ಒಂದು ಸಂಜೆ ಮೊಬೈಲು ಹಿಡಿದುಕೊಂಡು ಬಂದ. ಬಂದವನೇ ಕೂರದೆ ಶುರು ಮಾಡಿದ. “ನೋಡಿ ಮೇಷ್ಟ್ರೇ, ಏನು ಬರ್ಕೊಂಡವ್ರೆ ಇವ್ರು. ಅಮೆರಿಕದಲ್ಲಿ ಒಂದು ಒಗಟಿನ ಆಟ ಆಡಿದ್ರಂತೆ. ಅದನ್ನ ಬಿಡಿಸೋಕೆ ಜರ್ಮನ್ ಬೇಕಾಯ್ತಂತೆ, ಜಪಾನಿ ಬೇಕಾಯ್ತಂತೆ, ಆಮೇಲೆ ಕನ್ನಡ ಅನ್ನೋ ಯಾರಿಗೂ ಗೊತ್ತಿಲ್ಲದ ಭಾಷೇನೂ ಬೇಕಾಯ್ತಂತೆ. ಅಂದ್ರೆ ನಾವು ಯಾರಿಗೂ ಗೊತ್ತಿಲ್ದೋರಾ?”

ಅವನ ಸಿಟ್ಟು ಸರಿಯಾದದ್ದೇ. ಆದರೆ ಸಿಟ್ಟು ಎಲ್ಲಿ ಹುಟ್ಟಿತು ಅನ್ನುವಷ್ಟೇ ಮುಖ್ಯ ಅದು ಎಲ್ಲಿಗೆ ಹೋಗಿ ಮುಟ್ಟಬೇಕು ಅನ್ನುವುದು. ಅಮೆರಿಕದವನನ್ನು ನಾಲ್ಕು ಮಾತು ಬೈದು ಎದ್ದು ಹೋದರೆ ಅದು ವಿಮರ್ಶೆ ಆಗುವುದಿಲ್ಲ. ಆ ಆಟ ಏನು, ಅದರಲ್ಲಿ ಕನ್ನಡಕ್ಕೆ ಏನು ಕೆಲಸ, ಅದರಿಂದ ನಮ್ಮಂಥವರು ಕಲಿಯುವುದು ಏನಾದರೂ ಇದೆಯಾ ಎಂದು ಕೂತು ನೋಡಬೇಕು.

2001ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಎ.ಐ.’ ಎಂಬ ಸಿನಿಮಾ ಬರುವುದಿತ್ತು. ಅದರ ಜಾಹೀರಾತಿನಲ್ಲಿ ಕೆಲಸ ಮಾಡಿದವರ ಹೆಸರುಗಳ ನಡುವೆ ಒಂದು ವಿಚಿತ್ರ ಹೆಸರು ಕಾಣಿಸಿತು: ಜನೀನ್ ಸಲ್ಲಾ. ಆಕೆಯ ಹುದ್ದೆ, ಪ್ರಜ್ಞೆಯುಳ್ಳ ಯಂತ್ರಗಳಿಗೆ ಚಿಕಿತ್ಸೆ ಕೊಡುವುದು. ಅಂಥ ಹುದ್ದೆ ಲೋಕದಲ್ಲೇ ಇರಲಿಲ್ಲ. ಅನುಮಾನ ಬಂದವರು ಆ ಹೆಸರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದರು. 2142ನೇ ಇಸವಿಯಲ್ಲಿ ಬರೆದಂತಿದ್ದ ಪುಟಗಳು ತೆರೆದುಕೊಂಡವು. ಅಲ್ಲಿ ಈವನ್ ಚಾನ್ ಎಂಬುವನು ಸತ್ತಿದ್ದ. ಅವನದು ಕೊಲೆ ಎಂಬ ಸುಳಿವಿತ್ತು. ಸಿನಿಮಾದ ಟ್ರೇಲರಿನ ಅಕ್ಷರಗಳಲ್ಲಿ ಸಣ್ಣ ಸಣ್ಣ ಕಚ್ಚುಗಳಿದ್ದವು. ಅವುಗಳನ್ನು ಎಣಿಸಿದರೆ ಒಂದು ಟೆಲಿಫೋನ್ ನಂಬರು. ಆ ನಂಬರಿಗೆ ಫೋನ್ ಮಾಡಿದರೆ ಇನ್ನೊಂದು ಸುಳಿವು. ಹೀಗೆ ಸುಳಿವಿನ ಹಿಂದೆ ಸುಳಿವು. ಇದು ಆಟ ಎಂದು ಯಾರೂ ಹೇಳಲಿಲ್ಲ. ‘ಇದು ಆಟವಲ್ಲ’ ಎನ್ನುವುದೇ ಆ ಆಟದ ಮೂಲಮಂತ್ರ.

ಇದನ್ನು ಕಟ್ಟಿದ್ದು ಮೈಕ್ರೋಸಾಫ್ಟ್ ಕಂಪನಿಯ ಒಳಗಿನ ಸಣ್ಣ ಗುಂಪು. ಕತೆ ಬರೆದವರು ಶಾನ್ ಸ್ಟೀವರ್ಟ್ ಎಂಬ ಕಾದಂಬರಿಕಾರ. ಆಟಕ್ಕೆ ಹೆಸರೇ ಇರಲಿಲ್ಲ. ಆಮೇಲೆ ‘ಬೀಸ್ಟ್’, ಅಂದರೆ ಮೃಗ, ಎಂಬ ಹೆಸರು ನಿಂತಿತು. ಇಂಥ ಆಟಗಳ ಜಾತಿಗೆ ‘ಆಲ್ಟರ್ನೇಟ್ ರಿಯಾಲಿಟಿ ಗೇಮ್’ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ದಿನದ ಬದುಕಿನ ಒಳಗೇ ಹೆಣೆದಿಟ್ಟ ಕಟ್ಟುಕತೆಯ ಲೋಕ. ಫೋನು, ಕಾಗದ, ಪೋಸ್ಟರು ಎಲ್ಲ ನಿಜವೇ. ಕತೆ ಮಾತ್ರ ಸುಳ್ಳು.

ಆಡಿದವರ ಕತೆ ಇದಕ್ಕಿಂತ ದೊಡ್ಡದು. ಒಗಟುಗಳು ಎಷ್ಟು ಬಗೆಯಾಗಿದ್ದವೆಂದರೆ ಒಬ್ಬನೇ ಕೂತು ಬಿಡಿಸುವುದು ಸಾಧ್ಯವೇ ಇರಲಿಲ್ಲ. ಒಂದಕ್ಕೆ ತಂತಿಯ ಮೋರ್ಸ್ ಸಂಕೇತ ಗೊತ್ತಿರಬೇಕು. ಇನ್ನೊಂದಕ್ಕೆ ಎರಡನೇ ಮಹಾಯುದ್ಧದ ಎನಿಗ್ಮಾ ಗೂಢಲಿಪಿ ಗೊತ್ತಿರಬೇಕು. ಮತ್ತೊಂದಕ್ಕೆ ಸಂಗೀತದ ಬರವಣಿಗೆ ಓದಲು ಬರಬೇಕು. ಹಾಗಾಗಿ 2001ರ ಏಪ್ರಿಲ್‌ನಲ್ಲಿ ‘ಕ್ಲೌಡ್‌ಮೇಕರ್ಸ್’ ಎಂಬ ಕೂಟ ಹುಟ್ಟಿತು. ಮುಖ ನೋಡದ 7000ಕ್ಕೂ ಹೆಚ್ಚು ಜನ ಸೇರಿದರು. ನನಗೆ ಬರದ್ದು ನಿನಗೆ, ನಿನಗೆ ಬರದ್ದು ಅವಳಿಗೆ. ವಾರಗಟ್ಟಲೆ ಹಿಡಿಯುತ್ತೆ ಅಂತ ಕಟ್ಟಿದ್ದ ಒಗಟುಗಳನ್ನು ಇವರು ಬಹುಬೇಗ ಒಡೆದು ಹಾಕಿದರು. ಮಾಡಿದವರೇ ಗಾಬರಿಯಾಗಿ ಹೊಸ ಒಗಟು ಹೆಣೆಯಲು ಓಡಬೇಕಾಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಮುಯ್ಯಾಳು. ಶೇಂಗಾ ಕೀಳುವಾಗ, ಈರುಳ್ಳಿ ಕೀಳುವಾಗ ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ದುಡ್ಡಿನ ಮಾತಿಲ್ಲ, ಲೆಕ್ಕ ಮಾತ್ರ ಇರುತ್ತೆ. ಮುಯ್ಯಿ ತೀರಿಸದವನ ಹೊಲಕ್ಕೆ ಮರುವರ್ಷ ಯಾರೂ ಹೋಗಲ್ಲ. ಕ್ಲೌಡ್‌ಮೇಕರ್ಸ್ ಮಾಡಿದ್ದು ಬುದ್ಧಿಯ ಮುಯ್ಯಾಳು. ಇದನ್ನು ಲಘುವಾಗಿ ನೋಡುವವನು ಜನಶಕ್ತಿಯನ್ನೇ ಲಘುವಾಗಿ ನೋಡುವವನು. ಯಾವ ಪಂಡಿತನೂ ಒಬ್ಬನೇ ಮಾಡಲಾಗದ ಕೆಲಸವನ್ನು ಬಿಡಿಬಿಡಿಯಾಗಿ ಸ್ವಲ್ಪಸ್ವಲ್ಪ ಬಲ್ಲ ಸಾವಿರಾರು ಜನ ಮಾಡಿದರು. ಜ್ಞಾನ ಒಂದು ಜಾತಿಯ, ಒಂದು ಮನೆತನದ ಗಂಟು ಎಂದು ಸಾವಿರಾರು ವರ್ಷ ಕೇಳಿಸಿಕೊಂಡವರು ನಾವು. ಈ ಮಾತಿನ ಬೆಲೆ ನಮಗೆ ಗೊತ್ತಾಗಬೇಕು.

ಆದರೆ ಮುಯ್ಯಾಳಿನಲ್ಲಿ ಹೊಲ ಸರದಿಯಂತೆ ಬದಲಾಗುತ್ತೆ. ಇಲ್ಲಿ ಹೊಲ ಒಂದೇ, ಕಂಪನಿಯದ್ದು. ಆಡಿದವರಿಗೆ ಏನೂ ಸಿಗಲಿಲ್ಲ ಎನ್ನುವುದು ಸುಳ್ಳು. ಗೆಳೆತನ ಸಿಕ್ಕಿತು, ಬಿಡಿಸಿದ ಖುಷಿ ಸಿಕ್ಕಿತು. ಸುಗ್ಗಿ ಮಾತ್ರ ಸಿನಿಮಾದ ಕಣಕ್ಕೆ ಹೋಯಿತು. 2004ರಲ್ಲಿ ‘ಐ ಲವ್ ಬೀಸ್’ ಎಂಬ ಇನ್ನೊಂದು ಆಟ ಬಂತು. ಅಮೆರಿಕದ ಊರೂರುಗಳಲ್ಲಿ ಜನ ಹೇಳಿದ ಹೊತ್ತಿಗೆ ಹೇಳಿದ ಜಾಗಕ್ಕೆ ಹೋಗಿ, ರಸ್ತೆ ಬದಿಯ ಸಾರ್ವಜನಿಕ ಫೋನು ರಿಂಗಾಗುವುದನ್ನೇ ಕಾಯುತ್ತ ನಿಂತರು. ಅದೂ ‘ಹ್ಯಾಲೋ 2’ ಎಂಬ ವಿಡಿಯೋ ಗೇಮಿನ ಪ್ರಚಾರ. ಜನ ಕೂಡುವುದನ್ನು ಕಂಡು ಬಂಡವಾಳಶಾಹಿ ಹೆದರುತ್ತೆ ಎಂದು ನಾವು ತಿಳಿದಿದ್ದೆವು. ಕೂಡಿದ ಜನಕ್ಕೆ ಕೆಲಸ ಹಚ್ಚುವುದನ್ನೂ ಅದು ಕಲಿತಿದೆ.

*

ಈಗ ಕನ್ನಡದ ಮಾತಿಗೆ ಬರೋಣ. ‘ಬೀಸ್ಟ್’ ಆಟದಲ್ಲಿ ಒಂದು ಕಡೆ ಕನ್ನಡವನ್ನು ಓದಿ ಅರ್ಥ ಹೇಳುವ ಕೆಲಸ ಬಂತು. ಆಡಿದವರು ತಾವು ಪಟ್ಟ ಪಾಡನ್ನು ಪಟ್ಟಿ ಮಾಡುವಾಗ ಜರ್ಮನ್, ಜಪಾನಿ ಭಾಷೆಗಳನ್ನು ಬರೀ ಹೆಸರಿನಿಂದ ಕರೆದರು. ಕನ್ನಡ ಬಂದಾಗ ಮಾತ್ರ ಅದು ಹೆಚ್ಚು ಯಾರಿಗೂ ಗೊತ್ತಿಲ್ಲದ ಭಾಷೆ ಎಂದು ಒಂದು ಮಾತು ಸೇರಿಸಿದರು. ಹುಡುಗನಿಗೆ ಉರಿದದ್ದು ಇದೇ.

ಅದೇ 2001ರ ಜನಗಣತಿಯಲ್ಲಿ ಕನ್ನಡ ತಮ್ಮ ತಾಯ್ನುಡಿ ಎಂದವರು ಸುಮಾರು 3 ಕೋಟಿ 79 ಲಕ್ಷ ಜನ. ಇಷ್ಟು ಜನರ ಬಾಯಲ್ಲಿ ಇರುವ ಮಾತು ಗೂಢ ಹೇಗಾಯಿತು? ಉತ್ತರ ಸರಳವಾಗಿದೆ. ಆ 3 ಕೋಟಿ 79 ಲಕ್ಷ ಜನರಲ್ಲಿ ಹೆಚ್ಚುಕಮ್ಮಿ ಯಾರೂ ಆ ಆಟದ ಪಂಕ್ತಿಯಲ್ಲಿ ಇರಲಿಲ್ಲ. ಆಗ ನಮ್ಮೂರ ಕಡೆ ಮಗಳಿಗೆ ಫೋನು ಮಾಡಬೇಕಾದರೂ ಎಸ್‌ಟಿಡಿ ಬೂತಿಗೆ ಹೋಗಿ, ಮೀಟರು ಓಡುವುದನ್ನೇ ನೋಡುತ್ತ ಎರಡು ಮಾತಾಡಿ ಇಡುತ್ತಿದ್ದರು. ಕಂಪ್ಯೂಟರು ಬ್ಯಾಂಕಿನಲ್ಲಿ ಕಂಡದ್ದು. ಪಂಕ್ತಿಯಲ್ಲಿ ಕೂತವನ ಭಾಷೆ ಭಾಷೆ. ಕೂರದವನ ಭಾಷೆ ಬೀಗ. ಬೀಗ ತೆಗೆಯಲು ಕೀಲಿಕೈ ಬೇಕಾದಾಗ ಯಾರಾದರೂ ಒಬ್ಬ ಕನ್ನಡ ಬಲ್ಲವನನ್ನು ಹುಡುಕುತ್ತಾರೆ. ಕೆಲಸ ಮುಗಿದ ಮೇಲೆ ಕೀಲಿಕೈಯನ್ನು ಮೊಳೆಗೆ ನೇತುಹಾಕುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ಕನ್ನಡದ ಅಭಿಮಾನಿಗಳು ಚಪ್ಪಾಳೆ ತಟ್ಟುತ್ತಾರೆ. ಆದರೆ ಗೆಳೆಯರೇ, ಅದೇ ಬೆರಳನ್ನು ನಮ್ಮ ಕಡೆಗೂ ತಿರುಗಿಸಬೇಕು. ಹಟ್ಟಿಯ ಮಗು ಮೊದಲ ದಿನ ಶಾಲೆಗೆ ಬಂದು ತನ್ನ ಅವ್ವನ ಮಾತಿನಲ್ಲಿ ಏನೋ ಹೇಳುತ್ತೆ. ಮೇಷ್ಟ್ರು ನಗುತ್ತಾರೆ, ಇಲ್ಲವೇ ‘ಶುದ್ಧವಾಗಿ ಮಾತಾಡು’ ಅನ್ನುತ್ತಾರೆ. ನಾನೂ ಮೇಷ್ಟ್ರೇ, ನಾನೂ ಅಂದಿದ್ದೇನೆ. ಆ ಮಗುವಿನ ಪಾಲಿಗೆ ಪುಸ್ತಕದ ಕನ್ನಡ ಒಗಟು, ಪುಸ್ತಕದ ಪಾಲಿಗೆ ಆ ಮಗುವಿನ ಕನ್ನಡ ಯಾರಿಗೂ ಗೊತ್ತಿಲ್ಲದ ಭಾಷೆ. ಅಮೆರಿಕದವನು ಒಂದು ಸಲ ಅಂದ ಮಾತನ್ನು ನಾವು ದಿನವೂ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅನ್ನುತ್ತಿದ್ದೇವೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ಬೀದಿಗಿಳಿದವರು ಕನ್ನಡದ ಮರ್ಯಾದೆಯ ಹೆಸರು ಹೇಳಿದರು. ಯಾರ ಕನ್ನಡ, ಯಾರು ಕೂತ ಪಂಕ್ತಿ ಎಂಬ ಪ್ರಶ್ನೆಗೆ ಉತ್ತರ ಹೇಳಲಿಲ್ಲ. ಮಂತ್ರಿ ಪದವಿ ಹೋದದ್ದು ಪ್ರಶ್ನೆ ಕೇಳಿದವರದು.

*

ಒಗಟು ನಮಗೆ ಹೊಸದಲ್ಲ. ಊಟ ಮುಗಿಸಿ ಅಂಗಳದಲ್ಲಿ ಕೂತಾಗ ಅಜ್ಜಿ ಒಂದು ಒಗಟು ಹಾಕುತ್ತಿದ್ದಳು. ಮಕ್ಕಳೆಲ್ಲ ಸೇರಿ ಬಿಡಿಸಬೇಕು. ಒಬ್ಬ ಅರ್ಧ ಹೇಳುತ್ತಿದ್ದ, ಇನ್ನೊಬ್ಬಳು ಉಳಿದರ್ಧ ಮುಟ್ಟುತ್ತಿದ್ದಳು. ಆ ಒಗಟುಗಳ ಉತ್ತರ ಏನು? ಬೀಸೋಕಲ್ಲು, ಕುಂಟೆ, ಈರುಳ್ಳಿ, ದೀಪ, ಚಪ್ಪಲಿ, ತೆಂಗಿನಕಾಯಿ. ಉತ್ತರ ಯಾವಾಗಲೂ ಕಣ್ಣೆದುರೇ ಬಿದ್ದಿರುತ್ತಿತ್ತು. ದಿನವೂ ಮುಟ್ಟುವ ವಸ್ತುವನ್ನೇ ಮಾತಿನಲ್ಲಿ ಮರೆಮಾಡಿ, ಮತ್ತೆ ಕೈಗೆ ಕೊಡುವುದು ಅದರ ಕೆಲಸ. ಬಿಡಿಸಿದ ಮೇಲೆ ಬೀಸೋಕಲ್ಲನ್ನು ಹೊಸದಾಗಿ ನೋಡುತ್ತಿದ್ದೆವು. ಆಮೇಲೆ ಸರದಿ ತಿರುಗುತ್ತಿತ್ತು. ಬಿಡಿಸಿದವನು ಒಗಟು ಹಾಕುವವನಾಗುತ್ತಿದ್ದ, ಅಜ್ಜಿ ಬಿಡಿಸುವವಳಾಗುತ್ತಿದ್ದಳು.

ಇದನ್ನೂ ಬಂಗಾರದ ಕಾಲ ಎಂದು ಹಾಡುವುದು ಬೇಡ. ಊರೊಳಗೂ ಒಗಟು ಇತ್ತು, ಕೇರಿಯಲ್ಲೂ ಒಗಟು ಇತ್ತು. ಎಷ್ಟೋ ಒಗಟುಗಳು ಎರಡೂ ಕಡೆ ಒಂದೇ. ಆದರೆ ಒಂದೇ ಜಗಲಿಯಲ್ಲಿ ಕೂತು ಬಿಡಿಸಿದ್ದು ಕಾಣೆ. ಒಗಟು ಜಾತಿ ದಾಟಿತು, ಜಗಲಿ ದಾಟಲಿಲ್ಲ.

ಆದರೂ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಮರ್ಶೆಗೆ ಒಂದು ಅಳತೆಗೋಲು ಸಿಗುತ್ತೆ. ಅಂಗಳದ ಒಗಟಿನಲ್ಲಿ ಉತ್ತರ ಎಲ್ಲರ ಬದುಕಿನಲ್ಲಿ ಇದೆ, ಸರದಿ ತಿರುಗುತ್ತೆ. ಕಂಪನಿಯ ಒಗಟಿನಲ್ಲಿ ಉತ್ತರ ಬೀರುವಿನಲ್ಲಿ ಇದೆ, ಸರದಿ ತಿರುಗುವುದೇ ಇಲ್ಲ. ಅಂಥ ಆಟ ನಡೆಸುವವರನ್ನು ಅವರ ಭಾಷೆಯಲ್ಲೇ ಗೊಂಬೆ ಕುಣಿಸುವವರು ಅನ್ನುತ್ತಾರೆ. ನಮ್ಮ ಸೀಮೆಯವರು ತೊಗಲುಗೊಂಬೆ ಆಟ ಕಂಡವರು. ಅಲ್ಲಿ ಪರದೆಯ ಹಿಂದೆ ಯಾರಿದ್ದಾರೆ ಎಂದು ಊರಿಗೆಲ್ಲ ಗೊತ್ತು. ಬೆಳಿಗ್ಗೆ ಅವರಿಗೆ ಕಾಳು ಅಳೆದು ಕೊಡುತ್ತಾರೆ. ಇಲ್ಲಿ ಪರದೆ ಇದೆ ಎಂಬುದನ್ನೇ ಹೇಳುವುದಿಲ್ಲ.

ನ್ಯಾಯವಾಗಿ ಹೇಳಬೇಕಾದರೆ ಎಲ್ಲ ಆಟಗಳೂ ಹೀಗಲ್ಲ. 2007ರಲ್ಲಿ ಅಮೆರಿಕದಲ್ಲಿ ‘ವರ್ಲ್ಡ್ ವಿದೌಟ್ ಆಯಿಲ್’ ಎಂಬ ಆಟ ನಡೆಯಿತು. ಪೆಟ್ರೋಲು ಸಿಗದ ಕಾಲ ಬಂದರೆ ನಿಮ್ಮ ಮನೆ, ನಿಮ್ಮ ಬೀದಿ ಹೇಗಿರುತ್ತೆ ಬರೆಯಿರಿ ಎಂದು ಜನರನ್ನೇ ಕೇಳಿದರು. 32 ವಾರಗಳ ಕಷ್ಟವನ್ನು ದಿನಕ್ಕೊಂದು ವಾರದಂತೆ ಆಡಿದರು. ಅಲ್ಲಿ ಮೊದಲೇ ಬರೆದಿಟ್ಟ ಉತ್ತರ ಇರಲಿಲ್ಲ. ಆಡುವವರು ತಮ್ಮ ಅಂಗಳದಿಂದಲೇ ಉತ್ತರ ತರಬೇಕಾಗಿತ್ತು. ಅಂದರೆ ದೋಷ ಕೂಡಿ ಬಿಡಿಸುವುದರಲ್ಲಿ ಇಲ್ಲ. ಪ್ರಶ್ನೆ ಯಾರದು, ಉತ್ತರ ಯಾರ ಕೈಯಲ್ಲಿ ಎಂದು ಕೇಳದೆ ಕೂಡುವುದರಲ್ಲಿ ಇದೆ.

*

ಕೇಳದೆ ಕೂಡಿದರೆ ಏನಾಗುತ್ತೆ? 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಜೋಡಿ ಕಟ್ಟಡಗಳು ಉರುಳಿದವು. ‘ಬೀಸ್ಟ್’ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. ಕ್ಲೌಡ್‌ಮೇಕರ್ಸ್ ಕೂಟದ ಕೆಲವರು ಇದನ್ನೂ ನಾವು ಬಿಡಿಸೋಣ, ಇಷ್ಟೆಲ್ಲ ಬಿಡಿಸಿದವರಿಗೆ ಇದೇನು ಅಂದರು. ಕೂಟ ನಡೆಸುತ್ತಿದ್ದವರು ತಡೆದರು. ಅದು ಒಗಟಲ್ಲ, ಸಾವಿರಾರು ಜನರ ಸಾವು, ನಿಲ್ಲಿಸಿ ಅಂದರು. ಅವರಿಗೆ ಗೊತ್ತಾದದ್ದು ಇಷ್ಟು: ಆಟದಲ್ಲಿ ಪ್ರತಿ ಕಚ್ಚಿಗೂ ಅರ್ಥ ಇರುತ್ತೆ, ಯಾಕಂದರೆ ಅದನ್ನು ಒಬ್ಬ ಬೇಕೆಂದೇ ಇಟ್ಟಿರುತ್ತಾನೆ. ಬದುಕಿನಲ್ಲಿ ಕಚ್ಚು ಬರೀ ಕಚ್ಚೂ ಆಗಿರಬಹುದು. ಎಲ್ಲದಕ್ಕೂ ಗಂಟು ಹಾಕುವ ಚಟ ಹತ್ತಿದ ಕೂಟಕ್ಕೆ ಕೊನೆಗೆ ಒಬ್ಬ ಅಪರಾಧಿ ಬೇಕೇ ಬೇಕು. ಸಿಗದಿದ್ದರೆ ಒಬ್ಬನನ್ನು ಮಾಡಿಕೊಳ್ಳುತ್ತೆ.

ಅಮೆರಿಕದಲ್ಲಿ ಆ ದಿನ ತಡೆಯುವವರು ಇದ್ದರು. ನಮ್ಮಲ್ಲಿ 2018ರ ಜುಲೈನಲ್ಲಿ ತಡೆಯುವವರ ಕೈ ಸಾಲದೆ ಹೋಯಿತು. ಬೀದರ್ ಜಿಲ್ಲೆಯ ಮುರ್ಕಿಯ ಹತ್ತಿರ ಹೈದರಾಬಾದಿನಿಂದ ಬಂದ ಗೆಳೆಯರ ಗುಂಪೊಂದು ಮಕ್ಕಳಿಗೆ ಚಾಕಲೇಟು ಕೊಟ್ಟಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಆಗ ವಾಟ್ಸಾಪಿನಲ್ಲಿ ಊರೂರು ಸುತ್ತುತ್ತಿತ್ತು. ಕಾರು ಒಂದು ಸುಳಿವು, ಚಾಕಲೇಟು ಒಂದು ಸುಳಿವು, ಹೊರಗಿನವರ ಮುಖ ಒಂದು ಸುಳಿವು. ಮೊಬೈಲಿನಿಂದ ಮೊಬೈಲಿಗೆ ಹೋಗಿ ಸುಳಿವು ಸೇರಿಕೊಂಡವು, ಜನ ಸೇರಿಕೊಂಡರು, ದಾರಿ ಕಟ್ಟಿದರು. ಒಬ್ಬ ಯುವಕನ ಪ್ರಾಣ ಹೋಯಿತು. ಅದೂ ಕೂಡಿ ಒಗಟು ಬಿಡಿಸಿದ್ದೇ. ಸಾವಿರ ಬುದ್ಧಿ ಸೇರಿದರೆ ಸತ್ಯ ತಾನೇ ಹೊರಬರುತ್ತೆ ಎಂದು ನಂಬುವವರು ಮುರ್ಕಿಯ ಹೆಸರು ಮರೆಯಬಾರದು. ಗುಂಪಿಗೆ ನ್ಯಾಯದ ಹೆಸರು ಕೊಟ್ಟು ಹೊಡೆಯುವುದು ಏನು ಎಂಬುದನ್ನು ಕೇರಿಯವರಿಗೆ ಯಾರೂ ಕಲಿಸಬೇಕಾಗಿಲ್ಲ.

*

ಮತ್ತೆ ನಮ್ಮ ಜಿಲ್ಲೆಗೆ ಬರೋಣ. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು, ಹತ್ತಿರದ ಸಿದ್ದಾಪುರ, ಜಟಿಂಗ ರಾಮೇಶ್ವರದ ಶಾಸನಗಳನ್ನು ಲೋಕಕ್ಕೆ ತೋರಿಸಿದರು. ಆ ಲಿಪಿಯನ್ನು ಓದುವ ಬಗೆ ಗೊತ್ತಾದದ್ದು 1837ರಲ್ಲಿ, ಕಲ್ಕತ್ತೆಯ ಜೇಮ್ಸ್ ಪ್ರಿನ್ಸೆಪ್ ಅವರಿಂದ. ಅದೂ ಒಬ್ಬನ ಕೆಲಸವಲ್ಲ. ದೇಶದ ನಾನಾ ಮೂಲೆಯಿಂದ ಕಲ್ಲಿನ ಅಕ್ಷರಗಳ ನಕಲು ಅವರಿಗೆ ಬಂದವು. ಶಾಸನಗಳಲ್ಲಿ ಪಿಯದಸಿ ಎನಿಸಿಕೊಂಡ ರಾಜ ಅಶೋಕನೇ ಎಂದು ತಿಳಿಯಲು ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಓದಿದ ಪಾಳಿ ಗ್ರಂಥ ಬೇಕಾಯಿತು. ಕಡಲಾಚೆ ಈಚೆ ಸುಳಿವು ಸೇರಿಸಿ ಬಿಡಿಸಿದ ದೊಡ್ಡ ಒಗಟು ಅದು.

ಆದರೆ ಅದಕ್ಕೂ ಮೊದಲೇ ಅಲ್ಲಿನ ಜನ ಬ್ರಹ್ಮಗಿರಿಯ ಬಂಡೆಯನ್ನು ಅಕ್ಷರಗುಂಡು ಎಂದು ಕರೆಯುತ್ತಿದ್ದರು. ಓದಲು ಬರದಿದ್ದರೂ ಅದು ಗೀಚಲ್ಲ, ಅಕ್ಷರ ಎಂದು ಗುರುತಿಸಿ ಹೆಸರಿಟ್ಟಿದ್ದರು. ಒಗಟಿನ ಅರ್ಧ ಉತ್ತರ ಜನರ ಬಾಯಲ್ಲೇ ಇತ್ತು. ಉಳಿದರ್ಧಕ್ಕೆ ಬೇರೆಯವರು ಬಂದರು, ಹೆಸರು ಉಳಿದರ್ಧದವರದ್ದಾಯಿತು. ಆ ಕಲ್ಲಿನ ಸಂದೇಶವನ್ನಾದರೂ ನೋಡಿ. ಸ್ವರ್ಗ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಪಟ್ಟು ಹಿಡಿದರೆ ಸಣ್ಣವನಿಗೂ ದಕ್ಕುತ್ತೆ ಎಂಬ ಅರ್ಥದ ಮಾತು ಅಲ್ಲಿದೆ. ಸಣ್ಣವನಿಗಾಗಿ ಕೆತ್ತಿದ ಮಾತನ್ನು ಸಣ್ಣವನು ಓದಲಾರದೆ ಎರಡು ಸಾವಿರ ವರ್ಷ ಅದರ ನೆರಳಲ್ಲಿ ದನ ಕಾಯ್ದ.

ಅದನ್ನು ಬರೆದವನ ಹೆಸರು ಚಪಡ. ಇಡೀ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಲಿಪಿಕಾರ ಎಂದು ತನ್ನ ಕಸುಬು ಹೇಳುವ ಕೊನೆಯ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ದೂರದ ಗಾಂಧಾರದ ಕಡೆಯ ಲಿಪಿ ಅದು, ಬಲದಿಂದ ಎಡಕ್ಕೆ ಓದುವಂಥದ್ದು. ಈ ಸೀಮೆಯಲ್ಲಿ ಯಾರಿಗೂ ಗೊತ್ತಿಲ್ಲದ ಲಿಪಿ ಎಂದು ಇಲ್ಲಿನವರು ಅನ್ನಬಹುದಿತ್ತು. ಗಾಂಧಾರದ ಕೂಲಿಯವನು ನಗುತ್ತಿದ್ದ. ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಯಾವ ಭಾಷೆಯೂ ತಾನಾಗಿ ಗೂಢವಲ್ಲ ಕಣಪ್ಪ. ಅದನ್ನಾಡುವವರು ಇಲ್ಲದ ಕಡೆ ಅದು ಒಗಟಾಗುತ್ತೆ, ಅಷ್ಟೇ.

“ಹಂಗಾದ್ರೆ ನಾವೇನು ಮಾಡ್ಬೇಕು ಮೇಷ್ಟ್ರೇ? ನಾವೂ ಒಂದು ಆಟ ಕಟ್ಬೇಕಾ?” ಅಂದ.

ಕಟ್ಟಿದರೆ ಬೇಡ ಅನ್ನಲ್ಲ. ಆದರೆ ಬಿಡಿಸಬೇಕಾದ ಒಗಟು ಈಗಾಗಲೇ ಕೇರಿಯ ಟ್ರಂಕಿನಲ್ಲಿದೆ. ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನು ಅನುಮತಿಯಿಲ್ಲದೆ ಬೇರೆಯವರ ಕೈಗೆ ಹೋಗಿದ್ದರೆ ವಾಪಸು ಕೊಡಿಸಲು 1978ರ ಕಾಯ್ದೆ ಇದೆ. ಪಿಟಿಸಿಎಲ್ ಎಂದರೆ ಎಲ್ಲರಿಗೂ ಗೊತ್ತು. 2017ರಲ್ಲಿ ಸುಪ್ರೀಂ ಕೋರ್ಟು ಬಹಳ ತಡವಾಗಿ ಬಂದ ಅರ್ಜಿ ನಿಲ್ಲುವುದಿಲ್ಲ ಎಂದಿತು. ನ್ಯಾಯಯುತ ಕಾಲದೊಳಗೆ ಬರಬೇಕಂತೆ. ಕಾಗದವೇ ಒಗಟಾಗಿದ್ದವನಿಗೆ ಕಾಲ ಹೇಗೆ ಗೊತ್ತಾಗಬೇಕು? ಹೋರಾಟದ ಮೇಲೆ 2023ರಲ್ಲಿ ಕಾಲಮಿತಿ ಇಲ್ಲ ಎಂದು ಕರ್ನಾಟಕದಲ್ಲಿ ತಿದ್ದುಪಡಿ ಆಯಿತು.

ಒಂದು ರಾತ್ರಿ ಅಂಥ ಕಾಗದಗಳ ಮುಂದೆ ಕೂತವರ ಜೊತೆ ನಾನೂ ಕೂತಿದ್ದೆ. ಸಾಗುವಳಿ ಚೀಟಿಯ ಮಡಿಕೆ ಹರಿದಿತ್ತು. ಹಳೇ ಪಹಣಿಯ ಕೈಬರಹ ಓದಲು ರಿಟೈರಾದ ಒಬ್ಬ ಗುಮಾಸ್ತರು ಬೇಕಾದರು. ಹುಡುಗರು ಮೊಬೈಲಿನಲ್ಲಿ ಈಗಿನ ಪಹಣಿ ತೆಗೆದರು. ಸರ್ವೆ ನಂಬರು ಎರಡಕ್ಕೂ ಹೊಂದಲಿಲ್ಲ. ನಡುವೆ ಎಲ್ಲೋ ಪೋಡಿ ಆಗಿತ್ತು. ಇಂಗ್ಲಿಷಿನ ಆದೇಶವನ್ನು ಒಬ್ಬ ಹುಡುಗಿ ಸಾಲುಸಾಲಾಗಿ ಕನ್ನಡದಲ್ಲಿ ಹೇಳಿದಳು. ಚಕ್ಕುಬಂದಿ ಎಲ್ಲಿ ಎಂಬುದು ಮಾತ್ರ ಯಾವ ಕಾಗದದಲ್ಲೂ ತಿಳಿಯಲಿಲ್ಲ. ಆಗ ಮೂಲೆಯಲ್ಲಿ ಕೂತಿದ್ದ ಅಜ್ಜಿ, “ಮೂಡ್ಲಾಗೆ ಒಂದು ಬೇವಿನ ಮರ ಇತ್ತು ಕಣ್ರಪ್ಪ. ಅದ್ರ ಬುಡದಾಗೇ ನನ್ ಮಗೀನ ಮಲಗಿಸ್ತಿದ್ದೆ” ಅಂದಳು. ಎಲ್ಲ ಒಂದು ಗಳಿಗೆ ಸುಮ್ಮನಾದರು. ಹುಡುಗಿ ಅದನ್ನು ಬರೆದುಕೊಂಡಳು. ಬರೀ ನೆನಪಿನ ಮೇಲೆ ನಡೆಯುವುದು ಬೇಡ, ನಾಳೆ ಹೋಗಿ ಬೇರು ಇದೆಯಾ ನೋಡೋಣ ಅಂದಳು.

ನನ್ನ ಮಟ್ಟಿಗೆ ಆ ರಾತ್ರಿಯ ಆಟದಲ್ಲಿ ಯಾರ ಭಾಷೆಯೂ ಬೀಗವಾಗಿರಲಿಲ್ಲ. ಗುಮಾಸ್ತರ ಕನ್ನಡ, ಹುಡುಗಿಯ ಇಂಗ್ಲಿಷು, ಅಜ್ಜಿಯ ಮಾತು ಒಂದೇ ದೀಪದ ಸುತ್ತ ಇದ್ದವು. ಪ್ರಶ್ನೆ ಅವರದ್ದೇ, ಉತ್ತರ ಸಿಕ್ಕರೆ ಹೊಲವೂ ಅವರದ್ದೇ. ಸಿಕ್ಕ ಸುಳಿವನ್ನು ನಂಬುವ ಮೊದಲು ಹೋಗಿ ನೋಡಿಬರುವ ಎಚ್ಚರವೂ ಅಲ್ಲೇ ಇತ್ತು.

ಈ ಪತ್ರಿಕೆ ಓದುವ ಮೇಷ್ಟ್ರುಗಳಲ್ಲಿ ಒಂದು ಮಾತು. ಶನಿವಾರದ ಒಂದು ಅವಧಿಯಲ್ಲಿ ಮಕ್ಕಳಿಗೆ ಮನೆಯಿಂದ ಒಂದೊಂದು ಒಗಟು, ಒಂದೊಂದು ಕಾಗದ ತರಲು ಹೇಳಿ. ಸೇರಿ ಬಿಡಿಸಲಿ. ಹಟ್ಟಿಯ ಮಗು ತನ್ನ ಮಾತಿನಲ್ಲೇ ಒಗಟು ಹಾಕಲಿ. ನಮಗೆ ಬಿಡಿಸಲು ಬರದಿದ್ದರೆ ಸೋತೆ ಎಂದು ಒಪ್ಪಿಕೊಳ್ಳೋಣ. ಮದಕರಿಪುರದ ಹುಡುಗ ಈಗ ತನ್ನ ಕೇರಿಯ ಕಾಗದಗಳ ಪಟ್ಟಿ ಮಾಡುತ್ತಿದ್ದಾನೆ. ಮೊನ್ನೆ ಬಂದಾಗ ಅಮೆರಿಕದ ಮಾತೇ ಎತ್ತಲಿಲ್ಲ. ಆಕಾರಬಂದ್ ನಕಲು ಎಲ್ಲಿ ಸಿಗುತ್ತೆ ಮೇಷ್ಟ್ರೇ ಅಂತ ಕೇಳಿದ.